ಬಿಲ್ಲು ನಂಬರು ೨೧೪

ಕಡೂರು ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಆಫೀಸು ಮೇಲಿನ ಮಹಡಿ.
ಕೆಳಗೆ ಹಲ್ಲರ್ ಓಡುವಾಗ
ಮೇಜಿನ ಗುಂಡುಸೂಜಿಗಳೆಲ್ಲ ಒಂದೇ ಕಡೆ ಸರಿಯುತ್ತವೆ.
ಕೀಬೋರ್ಡು ತಲೆಕೆಳಗು ಮಾಡಿ ತಟ್ಟಿದೆ:
ಕಾಫಿ ಹೊಟ್ಟು, ಸ್ಟೇಪ್ಲರ್ ಪಿನ್ನು, ಅರ್ಧ ಪೀಬೆರಿ.

‘ಮೇಲ್ ಬರ್ತದೆ, ಹೋಗ್ತದೆ, ಅದಕ್ಕೇನೂ ತೊಂದರೆ ಇಲ್ಲ,’
ಅಂದರು ಫೆಲಿಕ್ಸ್ ಲೋಬೊ,
‘ಆದ್ರೆ ಕಾಣೋದಿಲ್ಲ.’

ತೋರಿಸಿದರು.
ಪಟ್ಟಿಯನ್ನು ಕೆಳಗೆ ಎಳೆದರೆ
ನಿನ್ನೆಯ ಸಾಲು ಜಾಗ ಬಿಡುವುದಿಲ್ಲ,
ಇವತ್ತಿನದು ಅದರ ಮೇಲೆಯೇ ಬಂದು ಕೂರುತ್ತದೆ,
ಸಂತೆ ದಿನದ ಬಸ್ಸಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು.
ಮಂಗಳೂರಿನ ಶಿಪ್ಪಿಂಗ್ ಏಜೆಂಟಿನ ಹೆಸರಿಗೆ
ಬ್ಯಾಂಕಿನವರ ದಿನಾಂಕ.
ತೇವಾಂಶ ಹನ್ನೊಂದು ಅಂತ ಇರಬೇಕಾದ ಕಡೆ
ಯಾರದೋ ಗೃಹಪ್ರವೇಶ.
ಬಲಗಡೆ, ಪತ್ರದ ಒಡಲಿನ ಜಾಗದಲ್ಲಿ,
ಕರಿ ಚೌಕ.
ಮೌಸಿನ ಬಾಣ ಮುಟ್ಟಿದಲ್ಲಿ ಮಾತ್ರ ಅಕ್ಷರ ಏಳುತ್ತದೆ,
ಸರಿದರೆ ಮತ್ತೆ ಮಲಗುತ್ತದೆ.

‘ಹಾಗಾದ್ರೆ ಮೂರು ತಿಂಗಳು ಹೇಗೆ ಓದಿದ್ರಿ?’

ಅವರು ಕಿಟಕಿಯ ಮೇಲಂಚು ಹಿಡಿದು
ತೆರೆಯ ಮೂಲೆಗೆ ಎಳೆದರು, ತಂದರು, ಮತ್ತೆ ಎಳೆದರು,
ಮೊರದಲ್ಲಿ ಕೇರಿದ ಹಾಗೆ.
ಹಾರುವುದು ಹಾರಿ, ನಿಲ್ಲುವುದು ನಿಂತಾಗ
ಒಂದು ಸಾಲು. ಎರಡು ಸಾಲು.
‘ಹೀಗೆ,’ ಅಂದರು.
ದಿನಕ್ಕೆ ಎಂಬತ್ತು ಪತ್ರ.

ಮೇಜಿನ ಮೇಲೆ ಮೂರು ಕನ್ನಡಕದ ಡಬ್ಬಿ.
ನಾನು ಕೇಳಲಿಲ್ಲ.

ಅಕ್ಷರ ದೊಡ್ಡದು ಮಾಡಿದೆ:
ದೊಡ್ಡ ಅಕ್ಷರಗಳೇ ಒಂದರ ಮೇಲೊಂದು ಬಿದ್ದವು.
ಥೀಮು ಕಿತ್ತೆ: ಕರಿ ಚೌಕ ಬಿಳಿ ಚೌಕವಾಯಿತು, ಅಷ್ಟೆ.
ಮುಚ್ಚಿ, ಸೇಫ್ ಮೋಡಿನಲ್ಲಿ ಎಬ್ಬಿಸಿದೆ.
ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ
ಸಾಲುಗಳು ನೆಟ್ಟಗೆ.
ಲೋಬೊ ಕುರ್ಚಿಯಿಂದ ಅರ್ಧ ಎದ್ದರು.
‘ಕೂತ್ಕೊಳ್ಳಿ ಸರ್. ಕಳ್ಳ ಊರಲ್ಲಿಲ್ಲದ ದಿನ
ಬೀಗದ ಪರೀಕ್ಷೆ ಆಗೋದಿಲ್ಲ.’

ಅಂಟಿಸಿಕೊಂಡಿದ್ದ ಆಡ್-ಆನ್‌ಗಳು ಏಳು.
ಒಂದೊಂದನ್ನೇ ಆರಿಸಿ ಬದಿಗಿಟ್ಟೆ,
ಕೆಳಗಿನ ಶೆಡ್ಡಿನಲ್ಲಿ ಹೆಂಗಸರು
ಕರಿಕಾಳು ಆರಿಸುವ ಹಾಗೆ.
ಏಳೂ ನಿರಪರಾಧಿಗಳು.

ಆಮೇಲೆ, ಸೆಟ್ಟಿಂಗ್ಸಿನ ತಳದಲ್ಲಿ,
ಯಾರೂ ಇಳಿಯದ ಮೆಟ್ಟಿಲಿನ ಕೊನೆಗೆ,
ಒಂದು ಪುಟ್ಟ ಚೌಕ, ಒಂದು ಟಿಕ್:
ಹಾರ್ಡ್‌ವೇರ್ ಆಕ್ಸಲರೇಶನ್.
ಚಿತ್ರ ಬರೆಯುವ ಚಿಪ್ಪಿಗೆ ಅವಸರ, ಅದರ ಡ್ರೈವರು ಹಳಬ;
ಹಳಬ ‘ಹಿಂದಿನದನ್ನು ಅಳಿಸು’ ಅನ್ನುವಷ್ಟರಲ್ಲಿ
ಇವನು ಮುಂದಿನದನ್ನು ಬರೆದು ಮುಗಿಸಿರುತ್ತಾನೆ.
ಟಿಕ್ ತೆಗೆದೆ. ಮುಚ್ಚಿ ತೆರೆದೆ.
ಎಳೆದೆ, ಜೋರಾಗಿ ಎಳೆದೆ,
ಜನವರಿಯಿಂದ ಜೂನಿನವರೆಗೆ.
ಎಲ್ಲರೂ ಅವರವರ ಸೀಟಿನಲ್ಲಿ.

‘ಮಿಶನ್ನಿನದ್ದು ಸರ್. ನಿಮ್ಮದೇನೂ ಇಲ್ಲ.’

ಊಟದ ಹೊತ್ತು, ಹಲ್ಲರ್ ನಿಂತಿತು.
ಲೋಬೊ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.
‘ಹಾಸನಕ್ಕೆ ಹೋಗಿದ್ದೆ, ಎರಡು ಸಲ.
ಡ್ರಾಪ್ಸ್ ಬಿಟ್ಟು ಕತ್ತಲೆಯಲ್ಲಿ ಕೂರಿಸಿದ್ರು.
ಏನೂ ಇಲ್ಲ ಅಂದ್ರು. ನಾನು ನಂಬಲಿಲ್ಲ.
ಇಲ್ಲಿ ಯಾರಿಗೂ ಹೇಳಲಿಲ್ಲ.
ಮೂಟೆ ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚು ಓದೋ ಗುಮಾಸ್ತನ್ನ
ಯಾರು ಇಟ್ಕೊಳ್ತಾರೆ?’

ಐನೂರು ರೂಪಾಯಿ ಎಣಿಸಿ, ಬಿಲ್ಲು ಕೇಳಿದರು.
ಇಷ್ಟು ಸಣ್ಣ ಕೆಲಸಕ್ಕೆ ಯಾರೂ ಕೇಳುವುದಿಲ್ಲ.
‘ಏನಾಗಿತ್ತು ಅಂತ ಕನ್ನಡದಲ್ಲೇ ಬರೀರಿ ಜಬೀನಾ.
ಸೀಲು ಹಾಕಿ.’
ಬರೆದೆ:
ದೋಷ ತೆರೆಯದ್ದು. ನೋಡುವವರದ್ದಲ್ಲ.
ಕೆಳಗೆ ಅಂಗಡಿಯ ಸೀಲು, ಚಿಕ್ಕಮಗಳೂರು, ತುಸು ಓರೆ.
ಅವರು ಅದನ್ನು ನಾಲ್ಕು ಮಡಿಕೆ ಮಾಡಿ
ಮೂರನೆಯ ಡಬ್ಬಿಯಲ್ಲಿ, ಒರೆಸುವ ಬಟ್ಟೆಯ ಕೆಳಗೆ, ಇಟ್ಟರು.

ಡ್ರಾಫ್ಟ್ಸ್ ಅನ್ನುವ ಹೆಸರಿನ ಕೊನೆ
ಇನ್ನೂ ಕತ್ತರಿಸಿದಂತೆ ಕಾಣುತ್ತದೆ.
ಗುರುವಾರ ಬರ್ತೇನೆ ಅಂದಿದ್ದೇನೆ.
ಮೆಟ್ಟಿಲಿಳಿಯುವ ಮುಂಚೆ ತಿರುಗಿ ನೋಡಿದರೆ
ಅಷ್ಟು ಸರಿಯಾಗಿ ನಿಂತ ಕಿಟಕಿಯನ್ನು
ಅವರ ಕೈ ಮೂಲೆಗೆ ಎಳೆಯುತ್ತಿತ್ತು,
ತರುತ್ತಿತ್ತು,
ಮತ್ತೆ ಎಳೆಯುತ್ತಿತ್ತು.